ಚಾಡಿ ಹೇಳುವ ಬಳೆ

ಹೊನ್ನೇಗೌಡನಕೊಪ್ಪಲಿನ ಹನ್ನೊಂದು ಹೆಂಗಸರ ಬಲಗೈಗಳು ದಿನಾ ಬೆಳಿಗ್ಗೆ ಐದೂವರೆಗೆ ಒಂದೇ ಲಯದಲ್ಲಿ ಆಡುತ್ತವೆ ಎಂಬುದನ್ನು ವಾರಿಜ ಮೊದಲು ಗಮನಿಸಿದ್ದು ಒಂದು ಮಂಗಳವಾರ. ಕ್ಯಾಂಟೀನಿನಿಂದ ತಂದಿಟ್ಟ ಕಾಫಿ ಆರಿ ಕೆನೆಗಟ್ಟಿತ್ತು. ಅವಳು ಪರದೆಯ ಮೇಲಿನ ಹನ್ನೊಂದು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಳು, ಮತ್ತೆ ನೋಡಿದಳು. ಹನ್ನೊಂದು ಮನೆ, ಹನ್ನೊಂದು ಹೆಸರು, ಇಪ್ಪತ್ತರಿಂದ ಐವತ್ತರವರೆಗಿನ ವಯಸ್ಸು. ಕೈಗಳು ಮಾತ್ರ ಕವಾಯತು ಮಾಡುವ ಸಿಪಾಯಿಗಳ ಹಾಗೆ ಒಟ್ಟಿಗೇ ಶುರುವಾಗಿ ಒಟ್ಟಿಗೇ ನಿಲ್ಲುತ್ತಿದ್ದವು.

ಮೈಸೂರಿನ ಆ ಪ್ರಯೋಗಾಲಯದಲ್ಲಿ ವಾರಿಜ ಹನ್ನೆರಡು ವರ್ಷದಿಂದ ಕೈಯ ಕಾಯಿಲೆಗಳ ಹಿಂದೆ ಬಿದ್ದಿದ್ದಳು. ಮಣಿಕಟ್ಟಿನ ಒಳಗೆ ಒಂದು ಕಿರಿದಾದ ಸುರಂಗವಿದೆ. ಬೆರಳುಗಳನ್ನು ಮಡಿಸುವ ಒಂಬತ್ತು ಹುರಿಗಳೂ ಒಂದು ನರವೂ ಆ ಇಕ್ಕಟ್ಟಿನಲ್ಲೇ ಹಾದುಹೋಗಬೇಕು. ದಿನವಿಡೀ ಒಂದೇ ಕೆಲಸ ಮಾಡಿದ ಕೈಯಲ್ಲಿ ಹುರಿಗಳ ಹೊದಿಕೆ ಊದಿಕೊಂಡರೆ ಪಾಪದ ನರ ಅಮುಕಿಹೋಗುತ್ತದೆ. ಮೊದಲು ಜುಮುಜುಮು, ಆಮೇಲೆ ಜೋಮು, ಕೊನೆಗೆ ಹೆಬ್ಬೆರಳ ಬುಡದ ಮಾಂಸವೇ ಕರಗುತ್ತದೆ. ಇನ್ನು ಕೆಲವರಿಗೆ ಹೆಬ್ಬೆರಳ ಕಡೆಯ ಹುರಿ ಊದಿ ಚೊಂಬು ಎತ್ತಲೂ ಆಗುವುದಿಲ್ಲ. ಕೆಲವರ ಬೆರಳು ಮಡಚಿದಲ್ಲೇ ಸಿಕ್ಕಿಕೊಂಡು, ಎಳೆದರೆ ಟಕ್ಕೆಂದು ಬಿಚ್ಚಿಕೊಳ್ಳುತ್ತದೆ. ಇವೆಲ್ಲ ನೋವಾಗಿ ಕಾಣಿಸುವ ಎಷ್ಟೋ ತಿಂಗಳ ಮೊದಲೇ ಕೈಯೊಳಗೆ ಶುರುವಾಗಿರುತ್ತವೆ. ಆ ಆರಂಭವನ್ನೇ ಹಿಡಿಯುವ ಬಳೆಯೊಂದು ಇದ್ದರೆ? ವಾರಿಜಳೂ ಅವಳ ಹಿರಿಯರಾದ ಡಾಕ್ಟರ್ ಸುಬ್ಬಕೃಷ್ಣರೂ ಆರು ವರ್ಷ ಕಷ್ಟಪಟ್ಟು ಅಂಥದೊಂದನ್ನು ಮಾಡಿದ್ದರು. ಬೂದು ಬಣ್ಣದ, ಎಳೆದರೆ ಹಿಗ್ಗುವ ತೆಳು ಬಳೆ. ಅದು ಆಗಾಗ ಇರುವೆ ಕಚ್ಚಿದಷ್ಟೂ ಅನ್ನಿಸದ ವಿದ್ಯುತ್ತಿನ ಮಿಡಿತವೊಂದನ್ನು ನರಕ್ಕೆ ಕಳಿಸಿ, ಅದು ಎಷ್ಟು ಬೇಗ ಓಡಿತೆಂದು ಅಳೆಯುತ್ತಿತ್ತು. ಹುರಿಗಳು ಜಾರುವ ಸದ್ದನ್ನು ಆಲಿಸುತ್ತಿತ್ತು. ಕೈ ಚೆನ್ನಾಗಿದ್ದರೆ ಪರದೆಯಲ್ಲಿ ಹಸಿರು ಚುಕ್ಕೆ, ಕೆಟ್ಟಿದ್ದರೆ ಕೆಂಪು.

ಮದ್ದೂರಿನ ಆಚೆಯ ಒಂದು ಸಿದ್ಧ ಉಡುಪಿನ ಕಾರ್ಖಾನೆ ತನ್ನ ಇನ್ನೂರ ನಲವತ್ತು ಹೆಂಗಸರಿಗೆ ಈ ಬಳೆ ತೊಡಿಸಲು ಒಪ್ಪಿತ್ತು. ಹೊಲಿಗೆ ಯಂತ್ರದ ಅದುರುವಿಕೆಯಲ್ಲಿ ಬಳೆಗೆ ಏನೂ ಕೇಳಿಸದು. ಆದ್ದರಿಂದ ಸಂಜೆ ಗೇಟು ದಾಟುವಾಗ ತೊಟ್ಟು, ಮರುದಿನ ಬೆಳಿಗ್ಗೆ ಗೇಟಿನಲ್ಲೇ ಬಿಚ್ಚಿಕೊಡಬೇಕು. ಆರು ತಿಂಗಳಲ್ಲಿ ಇಪ್ಪತ್ತಾರು ಜನರ ಚುಕ್ಕೆ ಕೆಂಪಾಗಿತ್ತು. ಅವರನ್ನು ಕಾರ್ಖಾನೆ ‘ವಿಶ್ರಾಂತಿ ಪಟ್ಟಿ’ಗೆ ಸೇರಿಸಿತ್ತು. ಒಳ್ಳೆಯದಾಯಿತು, ಕೈಗೆ ಬೇಕಾದದ್ದು ವಿಶ್ರಾಂತಿಯೇ ಎಂದು ವಾರಿಜ ನೆಮ್ಮದಿಯಾಗಿದ್ದಳು.

ಹೊನ್ನೇಗೌಡನಕೊಪ್ಪಲಿನ ಒಂದು ಚುಕ್ಕೆಯೂ ಎರಡು ತಿಂಗಳಿನಿಂದ ಕೆಂಪಾಗಿರಲಿಲ್ಲ.

“ಆ ಊರಿನ ನೀರೇ ಹಾಗಿರಬೇಕು,” ಎಂದರು ಸುಬ್ಬಕೃಷ್ಣ. “ಕಾರ್ಖಾನೆ ಮ್ಯಾನೇಜರ್ ದಿವಾಕರ್ ಪತ್ರ ಬರೆದಿದ್ದಾರೆ. ಇನ್ನೂ ಮೂವತ್ತು ಜನರನ್ನ ಅಲ್ಲಿಂದಲೇ ಸೇರಿಸ್ಕೋತಾರಂತೆ.”

“ನೀರಲ್ಲ ಸರ್. ಇದನ್ನ ನೋಡಿ.”

ವಾರಿಜ ಹನ್ನೊಂದು ಗೆರೆಗಳನ್ನು ತೋರಿಸಿದಳು. ಲಯ ಒಂದೇ, ಆದರೆ ಒಂದಕ್ಕಿಂತ ಒಂದು ಗೆರೆ ತುಸು ಮಂಕು. ಮೊದಲನೆಯದು ಎದ್ದು ಕಾಣುತ್ತಿತ್ತು, ಹನ್ನೊಂದನೆಯದು ನೆರಳಿನಂತಿತ್ತು. ಮಣಿಕಟ್ಟಿನಿಂದ ಮೇಲೆ ಹೋದಷ್ಟೂ ಬಳೆಗೆ ಬೆರಳಿನ ಸುದ್ದಿ ಕಡಿಮೆ ತಲುಪುತ್ತದೆ. ಅಂದರೆ ಇವು ಹನ್ನೊಂದು ಕೈಗಳಲ್ಲ. ಒಂದೇ ಕೈ, ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ಹನ್ನೊಂದು ಬಳೆ ತೊಟ್ಟ ಕೈ. ಬಳೆಗೆ ಅವರು ರೋಗ ಹುಡುಕುವುದನ್ನು ಕಲಿಸಿದ್ದರು, ಸುಳ್ಳು ಹುಡುಕುವುದನ್ನು ಯಾರೂ ಕಲಿಸಿರಲಿಲ್ಲ.

ಸುಬ್ಬಕೃಷ್ಣ ಕನ್ನಡಕ ತೆಗೆದು ಒರೆಸಿಕೊಂಡರು. “ಕಾರ್ಖಾನೆಗೆ ಈಗಲೇ ತಿಳಿಸೋದು ಬೇಡ. ನೀವೊಮ್ಮೆ ಹೋಗಿ ನೋಡ್ಕೊಂಡು ಬನ್ನಿ.”

ಅಂದು ಸಂಜೆ ವಾರಿಜ ಅಮ್ಮನ ತಲೆ ಬಾಚುತ್ತಿದ್ದಳು. ಚಂದ್ರಮತಿಯವರು ಮೂರು ವಾರದ ಹಿಂದೆ ಬಚ್ಚಲ ಬಾಗಿಲಲ್ಲಿ ಜಾರಿ, ಅಂಗೈ ಊರಿ ಬಿದ್ದು, ಬಲ ಮಣಿಕಟ್ಟಿನ ಮೂಳೆ ಮುರಿದುಕೊಂಡಿದ್ದರು. ಬೆರಳ ಬುಡದಿಂದ ಮೊಣಕೈವರೆಗೆ ಬಿಳಿ ಕಟ್ಟು. ಒಂಟಿಗೈಯಲ್ಲಿ ತುರುಬು ಕಟ್ಟಲಾಗದ್ದು ಅವರಿಗೆ ಮೂಳೆ ಮುರಿದದ್ದಕ್ಕಿಂತ ದೊಡ್ಡ ಅವಮಾನವಾಗಿತ್ತು.

“ಸಿಕ್ಕು ಬಿಡಿಸ್ತಿದೀಯೋ, ನನ್ನ ಬುರುಡೆ ಬಿಡಿಸ್ತಿದೀಯೋ?”

“ಸುಮ್ನೆ ಕೂತ್ಕೊಮ್ಮ.” ವಾರಿಜಳ ಎಡಗೈ ಅವಳಿಗೇ ತಿಳಿಯದಂತೆ ಅಮ್ಮನ ಹೆಗಲ ಮೇಲೆ ಆ ಲಯವನ್ನು ಬಡಿಯುತ್ತಿತ್ತು. ಮೊದಲು ಪುಟ್ಟಪುಟ್ಟ ಒತ್ತು, ಆಮೇಲೆ ಉದ್ದುದ್ದ ಎಳೆತ, ಕೊನೆಗೆ ನಿಧಾನ.

“ಯಾರ ಮನೆ ಹಸು ಕರೀತಿದೀಯೇ?” ಎಂದರು ಚಂದ್ರಮತಿ.

ಬಾಚಣಿಗೆ ನಿಂತಿತು. “ಏನಂದೆ?”

“ಹಾಲು ಕರೆಯೋ ಲೆಕ್ಕ ಅಲ್ವೇ ಅದು? ಮೊದಲು ಹಾಲು ಇಳಿಯೋ ಹಾಗೆ ಕೆಚ್ಚಲು ಸವರಿ ಸೊರ ಬಿಡಿಸ್ಬೇಕು. ಆಮೇಲೆ ಸರಸರ ಕರೀಬೇಕು. ಕೊನೇಲಿ ನಿಧಾನವಾಗಿ ಹಿಂಡ್ಕೋಬೇಕು. ಮದುವೆಗೆ ಮುಂಚೆ ಎರಡು ಹಸು ನಂದೇ ಪಾಲಿಗಿತ್ತು. ನೀನು ಇಷ್ಟು ಓದಿ ಅದೂ ಗೊತ್ತಿಲ್ವೇ?”

ಗುರುವಾರ ವಾರಿಜ ಹೊನ್ನೇಗೌಡನಕೊಪ್ಪಲಿಗೆ ಹೋದಳು. ಹೊಸ ಬುಲೆಟ್ ರೈಲು ಮದ್ದೂರಿಗೆ ಇಪ್ಪತ್ತು ನಿಮಿಷಕ್ಕೆ ತಲುಪಿಸಿತು, ಅಲ್ಲಿಂದ ಕೊಪ್ಪಲಿಗೆ ಹಳೆಯ ಬಸ್ಸು ಮುಕ್ಕಾಲು ಗಂಟೆ ಕುಲುಕಿಸಿತು. ಸಂಜೆ ಆರರ ಸುಮಾರು. ಊರ ಮೊದಲ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಅರವತ್ತು ದಾಟಿದ ಒಬ್ಬ ಗಂಡಸು, ಬಿಳಿ ಮೀಸೆಯವನು, ಕಪ್ಪು ಹಸುವಿನ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈಯವರೆಗೆ ಬೂದು ಬಣ್ಣದ ಬಳೆಗಳು, ಮದುವಣಗಿತ್ತಿಗೆ ತೊಡಿಸಿದ ಹಾಗೆ. ಇನ್ನೊಂದು ಬಳೆ ಹಿಡಿದುಕೊಂಡು ಅವನ ಹೆಂಡತಿ ಪಕ್ಕದಲ್ಲಿ ನಿಂತಿದ್ದಳು.

ವಾರಿಜಳನ್ನು ಕಂಡು ಅವನು ಕೈ ಮರೆಮಾಡಲು ನೋಡಿದ. ಹಸು ಒದೆಯಲು ಕಾಲೆತ್ತಿತು. ಅವನು ಮತ್ತೆ ಕೆಚ್ಚಲಿಗೆ ಕೈ ಹಾಕಲೇಬೇಕಾಯಿತು.

“ನೀವು ಬಳೆ ಆಪೀಸ್ನೋರಾ?” ಎಂದ ಮೆಲ್ಲಗೆ.

“ಹೌದು. ನಾನು ವಾರಿಜ ಅಂತ. ಹಾಲು ಕರೆದು ಮುಗಿಸಿ, ಆಮೇಲೆ ಮಾತಾಡೋಣ.”

ಅವನ ಹೆಸರು ಚಿಕ್ಕಬೋರಯ್ಯ, ಹೆಂಡತಿ ಪುಟ್ಟತಾಯಿ. ಜಗಲಿಯ ಮೇಲೆ ಚಾಪೆ ಹಾಸಿ, ಬೆಲ್ಲದ ಕಾಫಿ ಕೊಟ್ಟು, ಇಬ್ಬರೂ ಎದುರಿಗೆ ಕೂತರು. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗಿದ್ದರು. ಪುಟ್ಟತಾಯಿ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಎತ್ತಿದ್ದನ್ನು ವಾರಿಜ ನೋಡಿದಳು. ಹೆಬ್ಬೆರಳನ್ನು ಅವಳು ಬಳಸಲೇ ಇಲ್ಲ.

“ನಿಮ್ಮ ಕೈಗೆ ಏನಾಗಿದೆ?”

ಪುಟ್ಟತಾಯಿ ಗಂಡನ ಮುಖ ನೋಡಿದಳು. ಅವನೇ ಹೇಳಿದ. “ಇವ್ಳು ಒಂಬತ್ತು ವರ್ಸ ಕಾಲರ್ ಹೊಲದ್ಲು ಕಣವ್ವ. ನಿಮ್ಮ ಬಳೆ ಬಂದ ಎರಡನೇ ತಿಂಗಳಿಗೆ ಕೆಂಪು ಅಂದ್ರು. ಇಸ್ರಾಂತಿ ತಗೊ ಅಂದ್ರು. ಸರಿ, ಒಳ್ಳೇದೇ ಅಂದ್ಕಂಡೊ. ವಾರ ಬುಟ್ಟು ಹೋದ್ರೆ ಇವ್ಳ ಮಿಷನ್ ಮುಂದೆ ಬೇರೆ ಹುಡ್ಗಿ ಕೂತವ್ಳೆ. ಗೇಟ್ನಾಗೇ ಲೆಕ್ಕ ಮುಗಿಸಿ ಕಳಿಸ್ಬುಟ್ರು.”

“ಚಿಕಿತ್ಸೆ? ಡಾಕ್ಟರ ಹತ್ರ ಯಾರೂ ಕಳಿಸಲಿಲ್ವಾ?”

“ಯಾವ ಡಾಕುಟ್ರವ್ವ?” ಎಂದಳು ಪುಟ್ಟತಾಯಿ. “ಕೆಂಪಾದೋರೆಲ್ಲ ಮನೇಲಿ ಅವ್ರೆ. ಅದ್ಕೇ ನಮ್ಮ ಹೆಣ್ಣುಮಕ್ಳು ಇದ್ಕೆ ಚಾಡಿಬಳೆ ಅಂತಾರೆ. ಕೈಗೆ ತೊಡಿಸ್ಕಂಡು, ನಮ್ಮ ಮೇಲೇ ಚಾಡಿ ಹೇಳ್ತದೆ.”

ಆರು ವರ್ಷ ನಿದ್ದೆಗೆಟ್ಟು ಮಾಡಿದ ವಸ್ತುವಿಗೆ ಊರು ಇಟ್ಟ ಹೆಸರು ಅದು. ಹೆಸರಿನಲ್ಲಿ ತಪ್ಪಿರಲಿಲ್ಲ.

“ಎಲ್ರ ಬಳೆ ತೊಡಾಕೆ ಇವ್ರು ಹೂಂ ಅಂದಿದ್ದು ನಾನು ಹೇಳಿದ್ಕೇ,” ಎಂದು ಪುಟ್ಟತಾಯಿ ಮುಂದುವರಿಸಿದಳು. “ಇವ್ರ ಕೈ ಕಬ್ಣ. ಒಂದಿನ ನೋವು ಅಂದಿಲ್ಲ. ನಂದಂತೂ ಹೋಯ್ತು, ಮಿಕ್ಕಿದೋರ್ದಾದ್ರೂ ಉಳೀಲಿ ಅಂತ.”

“ಮೊದಮೊದ್ಲು ಒಸಿ ನಾಚ್ಕೆ ಆಯ್ತಿತ್ತು,” ಎಂದ ಚಿಕ್ಕಬೋರಯ್ಯ. “ಅಂಗಡಿ ಮುಂದೆ ಹೋದ್ರೆ ಬಾರಮ್ಮ ಬೋರಮ್ಮ ಅಂತಿದ್ರು. ಈಗ ಯಾರೂ ಅನ್ನಲ್ಲ. ಅವ್ರ ಮನೆ ಬಳೇನೂ ನನ್ನ ಕೈನಾಗೇ ಅದಲ್ಲ.”

ವಾರಿಜಳಿಗೆ ನಗು ತಡೆಯಲಾಗಲಿಲ್ಲ. ಪುಟ್ಟತಾಯಿಯೂ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಅಷ್ಟರಲ್ಲಿ ಒಬ್ಬಳು ಓಡುತ್ತಲೇ ಅಂಗಳಕ್ಕೆ ಬಂದಳು. ಮೂವತ್ತೈದರ ಆಸುಪಾಸು, ಹೆಗಲಲ್ಲಿ ಊಟದ ಚೀಲ. ಮಾದೇವಿ, ಕಾಲರ್ ಸಾಲಿನವಳೇ, ಇವತ್ತು ತಡವಾಗಿ ಬಂದಿದ್ದಳು. ಪುಟ್ಟತಾಯಿ ಕೊಟ್ಟಿಗೆಯಲ್ಲಿ ಹಿಡಿದಿದ್ದ ಬಳೆ ನೆರೆಮನೆಯವಳದು, ಅದು ಹತ್ತನೆಯದು, ಮಾದೇವಿಯದು ಹನ್ನೊಂದನೆಯದು. ಹೊಸಬಳನ್ನು ಕಂಡು ಅವಳು ಅಲ್ಲೇ ನಿಂತಳು.

“ಬಾ, ಏನೂ ಮಾಡಲ್ಲ ಇವ್ರು,” ಎಂದಳು ಪುಟ್ಟತಾಯಿ.

ಬಳೆ ಬಿಚ್ಚುವಾಗ ಮಾದೇವಿಯ ಬಲಗೈಯ ತೋರುಬೆರಳ ತುದಿಯಲ್ಲಿ ಸುಟ್ಟ ಗುಳ್ಳೆಯೊಂದು ಕಂಡಿತು. ವಾರಿಜ ಎದ್ದು ಹೋಗಿ ಆ ಕೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡಳು.

“ಇದು ಹೇಗಾಯ್ತು?”

“ಒಲೆ ಮೇಲಿನ ತಪ್ಲೆ ಇಳಿಸ್ದೆ ಕಣಕ್ಕ. ಸುಡ್ತಿರೋದು ಗೊತ್ತಾಗ್ನಿಲ್ಲ. ಚರ್ಮದ ವಾಸ್ನೆ ಬಂದ್ಮೇಲೆ ನೋಡ್ಕಂಡೆ.”

ಹೆಬ್ಬೆರಳ ಬುಡದಲ್ಲಿ ದಿಂಬಿನಂತೆ ಉಬ್ಬಿರಬೇಕಾದ ಮಾಂಸ ತಗ್ಗಾಗಿತ್ತು. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸು ಎಂದರೆ ಅದು ಅರ್ಧದಲ್ಲೇ ನಡುಗಿ ನಿಂತಿತು. ಪ್ರಯೋಗಾಲಯದ ಪರದೆಯಲ್ಲಿ ಮಾದೇವಿಯ ಚುಕ್ಕೆ ಎರಡು ತಿಂಗಳಿನಿಂದ ಹಸಿರಾಗಿತ್ತು. ಕೆಂಪಾಗಿದ್ದರೆ ಅವಳಿಗೆ ಕೆಲಸ ಹೋಗುತ್ತಿತ್ತು. ಹಸಿರಾಗಿದ್ದರಿಂದ ಕೈ ಹೋಗುತ್ತಿತ್ತು.

“ನಾಳೆಯೇ ಆಸ್ಪತ್ರೆಗೆ ಬರ್ತೀರಾ? ನಾನೇ ಕರ್ಕೊಂಡು ಹೋಗ್ತೀನಿ. ಸಣ್ಣ ಆಪರೇಷನ್. ತಡ ಮಾಡಿದ್ರೆ ಕೈಯಲ್ಲಿ ಸ್ಪರ್ಶ ಉಳಿಯಲ್ಲ.”

ಮಾದೇವಿ ಕೈ ಹಿಂದಕ್ಕೆಳೆದುಕೊಂಡಳು. “ರಜಾ ಹಾಕಿದ್ರೆ ಯಾಕೆ ಅಂತಾರೆ. ಕೈಗೆ ಅಂದ್ರೆ ಮುಗೀತು. ಬ್ಯಾಡ ಕಣಕ್ಕ. ನನ್ನ ಗಂಡ ತೀರ್ಕಂಡು ನಾಕು ವರ್ಸ ಆಯ್ತು. ಮನೇಲಿ ಮೂರು ಜನ ನನ್ನ ಕೈನೇ ನೋಡ್ತಾ ಕೂತವ್ರೆ.”

ಅವಳು ಹೋದ ಮೇಲೆ ಚಿಕ್ಕಬೋರಯ್ಯ ಬಹಳ ಹೊತ್ತು ತನ್ನ ತೋಳಿನ ಬಳೆಗಳನ್ನೇ ನೋಡಿದ. “ನಾನು ಒಳ್ಳೇದು ಮಾಡ್ತಿದೀನಿ ಅಂತಿದ್ದೆ,” ಎಂದ. “ಕೆಟ್ಟದೇ ಮಾಡ್ಬುಟ್ನಾ?”

“ಅದೇ ಪ್ರಶ್ನೆ ನಂಗೂ ಇದೆ ಬೋರಯ್ಯನವರೇ,” ಎಂದಳು ವಾರಿಜ.

ಮನೆಗೆ ಬಂದವಳು ಊಟಕ್ಕೆ ಕೂತು ಅಮ್ಮನಿಗೆ ಕಲಸಿದ ಅನ್ನ ಕೊಡುತ್ತ ಎಲ್ಲವನ್ನೂ ಹೇಳಿದಳು. ಕಾರ್ಖಾನೆಯನ್ನು ಬೈದಳು, ತನ್ನನ್ನು ಬೈದುಕೊಂಡಳು, ಕೊನೆಗೆ ಮಾದೇವಿಯನ್ನೂ ಬೈದಳು. “ಬೆರಳು ಸುಟ್ಟರೂ ತಿಳಿಯಲ್ಲ ಅಂದ್ರೆ ಯಾರಿಗಾದ್ರೂ ಹೇಳ್ಬಾರದಾ? ಮುಚ್ಚಿಟ್ಕೊಳ್ಳೋದೇನಮ್ಮ ಅದು?”

ಚಂದ್ರಮತಿ ತುತ್ತು ನುಂಗದೆ ಕೂತಿದ್ದರು. “ನಾನೊಂದು ಹೇಳ್ತೀನಿ. ಬೈಬೇಡ.”

“ಏನು?”

“ಈ ಮೂರು ಬೆರಳು ನಾಲ್ಕು ದಿನದಿಂದ ಜೋಮು ಹಿಡಿದಿದೆ.”

ವಾರಿಜ ತಟ್ಟೆ ಕೆಳಗಿಟ್ಟಳು. ಕಟ್ಟಿನಿಂದ ಹೊರಗೆ ಇಣುಕಿದ್ದ ಬೆರಳುಗಳು ಊದಿಕೊಂಡಿದ್ದವು. ದಿನಾ ಎರಡು ಹೊತ್ತು ಈ ಕೈಯ ಪಕ್ಕದಲ್ಲೇ ಕೂತು ತಲೆ ಬಾಚಿದ್ದಳು, ಉಣ್ಣಿಸಿದ್ದಳು. “ಕೈ ನೋಡೋದೇ ನನ್ನ ಕೆಲಸ. ನಂಗ್ಯಾಕೆ ಹೇಳಲಿಲ್ಲ?”

“ನೀನು ಅಂತಲೇ ಹೇಳಲಿಲ್ಲ. ಬಿದ್ದ ದಿನ ನೀನು ನನ್ನ ಬೆಳಗಿನ ನಡಿಗೆ ನಿಲ್ಲಿಸಿದೆ. ಕಟ್ಟು ಹಾಕಿದ ದಿನ ಒಲೆ ಹತ್ರ ಹೋಗಬೇಡ ಅಂದೆ. ಜೋಮು ಅಂದ್ರೆ ಇನ್ನೇನು ನಿಲ್ಲಿಸ್ತೀಯೋ ಅಂತ ಭಯ ಆಯ್ತು. ನನ್ನ ಕೈ ವಿಷಯ ನಂಗೆ ಮೊದಲು ಗೊತ್ತಾಗಲಿ, ಆಮೇಲೆ ಏನು ಮಾಡೋದು ಅಂತ ನಾನೇ ಹೇಳೋ ಹಾಗಿರಲಿ. ಅಷ್ಟೇ ಕಣೇ.”

ಅವರು ಕೂಡಲೇ ಆಟೋ ಹಿಡಿದು ಆಸ್ಪತ್ರೆಗೆ ಹೋದರು. ಕಟ್ಟು ಬಿಗಿಯಾಗಿತ್ತು. ವೈದ್ಯರು ಅದನ್ನು ಸೀಳಿ, ಸಡಿಲಿಸಿ, ಮತ್ತೆ ಕಟ್ಟಿ, ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಹಿಂದಿರುಗುವಾಗ ಚಂದ್ರಮತಿ ರಸ್ತೆಯ ಕಡೆಗೆ ಮುಖ ಮಾಡಿ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಳ್ಳುತ್ತಿದ್ದರು. ವಾರಿಜ ಅಮ್ಮನ ಮಾತನ್ನೇ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದಳು.

ಮುಂದಿನ ಹತ್ತು ದಿನ ಅವಳು ಪ್ರಯೋಗಾಲಯದಲ್ಲಿ ಎರಡು ಕೆಲಸ ಮಾಡಿದಳು. ಒಂದು, ಬಳೆಯ ಬುದ್ಧಿಯನ್ನು ತಿದ್ದಿದಳು. ಇನ್ನು ಮೇಲೆ ಅದು ಕಂಡದ್ದನ್ನು ತೊಟ್ಟವಳಿಗೆ ಮಾತ್ರ ಹೇಳಬೇಕು. ಕೈ ಕೆಡುತ್ತಿದ್ದರೆ ಬೆಳಿಗ್ಗೆ ಮೂರು ಸಲ ಮೆತ್ತಗೆ ಅಮುಕಬೇಕು, ಗೆಳತಿ ಕೈ ಒತ್ತಿ ಎಚ್ಚರಿಸುವ ಹಾಗೆ. ಹೆಸರು ಬಳೆಯಿಂದ ಹೊರಗೆ ಹೋಗಕೂಡದು. ಯಾವ ಸಾಲಿನಲ್ಲಿ ಎಷ್ಟು ಕೈ ಕೆಟ್ಟಿವೆ ಎಂಬ ಎಣಿಕೆಯಷ್ಟೇ ಹೋಗಬೇಕು. ಎರಡನೆಯದು, ಕೆಂಪಾಗಿ ಮನೆಗೆ ಹೋದ ಇಪ್ಪತ್ತಾರು ಹೆಂಗಸರು ಕಾರ್ಖಾನೆಯಲ್ಲಿ ಎಲ್ಲೆಲ್ಲಿ ಕೂರುತ್ತಿದ್ದರೆಂದು ಹುಡುಕಿದಳು.

ಸುಬ್ಬಕೃಷ್ಣ ಎಲ್ಲವನ್ನೂ ಕೇಳಿ ಒಪ್ಪಂದದ ಕಡತ ತೆರೆದರು. “ಒಪ್ಪಂದದಲ್ಲಿ ಕೆಂಪಾದವರ ಹೆಸರು ಕೊಡ್ತೀವಿ ಅಂತ ಬರೆದಿದ್ದೀವಿ. ನಾನೇ ಸಹಿ ಹಾಕಿದ್ದು. ಕಾರ್ಖಾನೆ ಹಿಂದೆ ಸರಿದ್ರೆ ಪ್ರಯೋಗವೇ ನಿಂತುಹೋಗುತ್ತೆ, ವಾರಿಜಾ.”

“ಗೊತ್ತು ಸರ್.”

“ಸರಿ, ಹೋಗೋಣ,” ಎಂದು ಅವರು ಎದ್ದರು.

ಕಾರ್ಖಾನೆಯ ಸಭೆಯ ಕೋಣೆಯಲ್ಲಿ ದಿವಾಕರ್ ಉತ್ಸಾಹದಲ್ಲಿದ್ದರು. ಹೊನ್ನೇಗೌಡನಕೊಪ್ಪಲಿನ ಮೂವತ್ತು ಅರ್ಜಿಗಳು ಮೇಜಿನ ಮೇಲಿದ್ದವು.

“ಆ ಲೆಕ್ಕ ನಂಬಬೇಡಿ ಸರ್,” ಎಂದಳು ವಾರಿಜ. “ಆ ಊರಿನದು ಮಾತ್ರ ಅಲ್ಲ, ಯಾವುದನ್ನೂ ನಂಬೋ ಹಾಗಿಲ್ಲ. ಕೆಂಪಾದ್ರೆ ಕೆಲಸ ಹೋಗುತ್ತೆ ಅಂತ ಗೊತ್ತಾದ ಮೇಲೆ ಜನ ಬಳೆಗೆ ನಿಜ ಹೇಳಲ್ಲ.”

“ಮೋಸ ಮಾಡಿದ್ದಾರೆ ಅಂತೀರಾ? ಯಾರು? ಹೆಸರು ಕೊಡಿ.”

ವಾರಿಜ ಬಾಯಿ ತೆರೆಯುವ ಮೊದಲೇ ಸುಬ್ಬಕೃಷ್ಣ ಮಾತಾಡಿದರು. “ಬರ್ಕೊಳ್ಳಿ. ಡಾಕ್ಟರ್ ಎಸ್. ಸುಬ್ಬಕೃಷ್ಣ. ಕೈ ಕೆಡೋಕೆ ಮುಂಚೆ ಎಚ್ಚರಿಸ್ತೀವಿ ಅಂತ ಆ ಹೆಣ್ಣುಮಕ್ಕಳಿಗೆ ಮಾತು ಕೊಟ್ಟು ಬಳೆ ತೊಡಿಸಿದೆ. ಎಚ್ಚರಿಸಿದ್ದು ನಿಮ್ಮನ್ನ, ಅವರನ್ನಲ್ಲ. ಮೋಸ ಅಂದ್ರೆ ಅದೇ.”

ದಿವಾಕರ್ ಅರ್ಜಿಗಳನ್ನು ಸರಿಸಿ ಕುರ್ಚಿಗೆ ಒರಗಿದರು. ವಾರಿಜ ಕಾರ್ಖಾನೆಯ ನಕ್ಷೆಯೊಂದನ್ನು ಅವರ ಮುಂದೆ ಹರಡಿದಳು.

“ಕೆಂಪಾದ ಇಪ್ಪತ್ತಾರು ಜನರಲ್ಲಿ ಹತ್ತೊಂಬತ್ತು ಜನ ಈ ಒಂದೇ ಸಾಲಿನಲ್ಲಿ ಕೂತವರು. ಕಾಲರ್ ಸಾಲು. ಇಲ್ಲಿ ಮೇಜು ಉಳಿದ ಕಡೆಗಿಂತ ನಾಲ್ಕು ಬೆರಳು ಎತ್ತರ. ಹೊಲಿಯುವಾಗ ಮಣಿಕಟ್ಟು ಯಾವಾಗಲೂ ಮಡಚಿಕೊಂಡೇ ಇರುತ್ತೆ. ನೀವು ಹೊಸಬರನ್ನ ಕೂರಿಸಿದ್ರಿ, ಅವರಲ್ಲಿ ಮೂವರು ನಾಲ್ಕೇ ತಿಂಗಳಲ್ಲಿ ಕೆಂಪಾದರು. ಕೈ ಬದಲಾಯಿಸ್ತಾ ಹೋದ್ರಿ ಸರ್. ಮೇಜು ಹಾಗೇ ಇದೆ.”

ದಿವಾಕರ್ ನಕ್ಷೆಯ ಮೇಲೆ ಬೆರಳಿಟ್ಟು ಆ ಸಾಲನ್ನು ಎರಡು ಸಲ ಎಣಿಸಿದರು. ಅವರು ಕೆಟ್ಟವರಾಗಿರಲಿಲ್ಲ, ಕೈಗಳನ್ನು ಬಿಟ್ಟು ಮೇಜಿನ ಕಡೆಗೆ ನೋಡಬಹುದೆಂದು ಈವರೆಗೆ ಹೊಳೆದಿರಲಿಲ್ಲ, ಅಷ್ಟೆ. “ಮೂರು ತಿಂಗಳು,” ಎಂದರು ಕೊನೆಗೆ. “ಮೂರು ತಿಂಗಳು ನಿಮ್ಮ ಹಾಗೇ ಮಾಡಿ ನೋಡೋಣ. ಹೆಸರು ಕೇಳಲ್ಲ. ಆದ್ರೆ ಆಮೇಲೆ ನಂಗೆ ಫಲ ಕಾಣಬೇಕು.”

“ಕೈಗೆ ಚಿಕಿತ್ಸೆ ತಗೊಂಡೋರನ್ನ ಅದೇ ಕೆಲಸಕ್ಕೆ ವಾಪಸ್ ತಗೋಬೇಕು. ಅದನ್ನ ಬರೆದು ಕೊಡಬೇಕು,” ಎಂದಳು ವಾರಿಜ. ಅದಕ್ಕೆ ಇನ್ನೊಂದು ಗಂಟೆ ಹಿಡಿಯಿತು. ಬರೆದು ಕೊಟ್ಟರು. ಈಗಾಗಲೇ ಕಳಿಸಿದವರನ್ನು ಮತ್ತೆ ಕರೆಯುವುದಕ್ಕೆ ಮಾತ್ರ ಒಪ್ಪಲಿಲ್ಲ.

ಹೊಸ ಬಳೆ ತೊಡಿಸುವ ದಿನ ವಾರಿಜ ಕಾರ್ಖಾನೆಯ ಊಟದ ಕೋಣೆಯಲ್ಲಿ ನಿಂತು ಇನ್ನೂರ ನಲವತ್ತು ಜನರಿಗೆ ಹಳೆಯ ಬಳೆ ಏನು ಮಾಡುತ್ತಿತ್ತು, ಹೊಸದು ಏನು ಮಾಡುವುದಿಲ್ಲ ಎಂದು ಬಿಡಿಸಿ ಹೇಳಿದಳು. ತನ್ನ ತಪ್ಪನ್ನೂ ಹೇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಿಂದ ಒಬ್ಬಳು, “ಇದೂ ಚಾಡಿ ಹೇಳಿದ್ರೆ?” ಎಂದಳು.

“ಬಿಚ್ಚಿ ಬಿಸಾಡಿ,” ಎಂದಳು ವಾರಿಜ. “ನಾನು ಕೇಳಲ್ಲ.”

ಒಂದು ವಾರ ಕಳೆದು ಮೊದಲ ಎಣಿಕೆ ಬಂತು. ಸುಬ್ಬಕೃಷ್ಣ ಪರದೆಯ ಮುಂದೆ ಬಂದು ನಿಂತು, “ಎಪ್ಪತ್ತೊಂದಾ?” ಎಂದರು ಗಾಬರಿಯಿಂದ. “ಒಂದೇ ವಾರದಲ್ಲಿ ಇಷ್ಟು ಕೈ ಕೆಟ್ಟುಹೋಯ್ತಾ?”

“ಕೆಟ್ಟು ಯಾವ ಕಾಲವಾಯ್ತೋ ಸರ್. ಈಗ ಹೇಳ್ತಿದ್ದಾರೆ.” ವಾರಿಜ ಎದುರಿಗಿದ್ದ ಕಾಗದಗಳನ್ನು ಸುಮ್ಮನೆ ಜೋಡಿಸಿದಳು, ಮತ್ತೆ ಜೋಡಿಸಿದಳು. ಕಣ್ಣು ತುಂಬಿದ್ದು ಅವರಿಗೆ ಕಾಣಬಾರದೆಂದು.

ಕಾಲರ್ ಸಾಲಿನ ಮೇಜುಗಳು ತಿಂಗಳೊಪ್ಪತ್ತಿನಲ್ಲಿ ತಗ್ಗಿದವು. ತಾವಾಗಿಯೇ ಬಂದು ಕೈ ತೋರಿಸಿಕೊಂಡ ಎಪ್ಪತ್ತೊಂದು ಜನರಲ್ಲಿ ಬಹುಪಾಲಿಗೆ ಮಣಿಕಟ್ಟಿನ ಪಟ್ಟಿ, ಒಂದಷ್ಟು ವ್ಯಾಯಾಮ, ನಡುನಡುವೆ ಐದು ನಿಮಿಷದ ಬಿಡುವು ಸಾಕಾಯಿತು. ಆರು ಜನಕ್ಕೆ ಶಸ್ತ್ರಕ್ರಿಯೆ ಬೇಕಾಯಿತು. ಅವರಲ್ಲಿ ಮಾದೇವಿಯೇ ಮೊದಲಿಗಳು. ಕಾರ್ಖಾನೆ ಬರೆದುಕೊಟ್ಟ ಕಾಗದದ ಪ್ರತಿಯನ್ನು ರವಿಕೆಯೊಳಗೆ ಮಡಚಿಟ್ಟುಕೊಂಡೇ ಅವಳು ಆಸ್ಪತ್ರೆಗೆ ಬಂದಿದ್ದಳು. ಕೈ ಮಾತ್ರ ಮರಗಟ್ಟಿಸಿ, ಸುರಂಗದ ಮುಚ್ಚಳವನ್ನು ಸೀಳಿ ನರಕ್ಕೆ ಜಾಗ ಮಾಡಿಕೊಟ್ಟು, ಅರ್ಧ ಗಂಟೆಯಲ್ಲಿ ಹೊಲಿಗೆ ಹಾಕಿ ಕಳಿಸಿದರು. ಕರಗಿದ ಮಾಂಸ ಪೂರ್ತಿ ತುಂಬಿಕೊಳ್ಳುವುದಿಲ್ಲ, ಸ್ಪರ್ಶ ಬಂದರೂ ನಿಧಾನವಾಗಿ ಬರಬೇಕು ಎಂದು ವೈದ್ಯರು ಮೊದಲೇ ಹೇಳಿದ್ದರು.

ಪುಟ್ಟತಾಯಿಯ ಹೆಬ್ಬೆರಳಿಗೂ ಅದೇ ವೈದ್ಯರು ಒಂದು ಇಂಜೆಕ್ಷನ್ ಕೊಟ್ಟು ಪಟ್ಟಿ ಕಟ್ಟಿದರು. ಕಾರ್ಖಾನೆ ಅವಳನ್ನು ಕರೆಯಲಿಲ್ಲ, ಕರೆದರೂ ಹೋಗುವುದಿಲ್ಲ ಎಂದಳು. ಈಗ ಅವಳು ಊರ ಹೆಂಗಸರಿಗೆಲ್ಲ ಕೈ ವ್ಯಾಯಾಮ ಮಾಡಿಸುತ್ತಾಳೆ. ತಪ್ಪಿಸಿಕೊಂಡವರನ್ನು ಚಿಕ್ಕಬೋರಯ್ಯ ಮನೆಗೇ ಹೋಗಿ ಕರೆತರುತ್ತಾನೆ.

ಮೂರು ತಿಂಗಳು ತುಂಬಿದ ಭಾನುವಾರ ವಾರಿಜ ಅಮ್ಮನನ್ನೂ ಕರೆದುಕೊಂಡು ಕೊಪ್ಪಲಿಗೆ ಹೋದಳು. ಪುಟ್ಟತಾಯಿಯ ಜಗಲಿಯಲ್ಲಿ ಎಲ್ಲರೂ ಸೇರಿದ್ದರು. ವಾರಿಜ ಮಾದೇವಿಯ ಕೈ ಹಿಡಿದು, ತೋರುಬೆರಳ ತುದಿಗೆ ಹತ್ತಿಯ ಎಳೆ ಸೋಕಿಸಿ, “ಗೊತ್ತಾಗುತ್ತಾ?” ಎಂದಳು.

“ಒಸಿ ಒಸಿ. ಇರಿ, ನಾನೇ ನೋಡ್ತೀನಿ.”

ಮಾದೇವಿ ಕಣ್ಣು ಮುಚ್ಚಿದಳು. ಬಲಗೈ ಚಾಚಿ, ವಾರಿಜಳ ಸೀರೆಯ ಸೆರಗನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಹದಿನಾಲ್ಕು ವರ್ಷ ಬಟ್ಟೆಯ ಜೊತೆ ಬದುಕಿದವಳ ಹಾಗೆ ಮೆಲ್ಲಗೆ ಉಜ್ಜಿದಳು. ಮತ್ತೊಮ್ಮೆ ಉಜ್ಜಿದಳು.

“ಅಕ್ಕ, ಇದ್ನ ರೇಸ್ಮೆ ಅಂತ ತಗಂಡ್ರಾ?”

“ಹೌದು. ಯಾಕೆ?”

“ಅರ್ಧಕ್ಕರ್ಧ ಪಾಲಿಯೆಸ್ಟರ್ರು,” ಎಂದಳು ಮಾದೇವಿ, ಕಣ್ಣು ಬಿಡದೆಯೇ. “ನಿಮ್ಗೆ ಯಾರೋ ಚೆನ್ನಾಗಿ ಟೋಪಿ ಹಾಕವ್ರೆ.”